ವಯಸ್ಸಿನ ಕಾಲಂ

ರೈಲ್ವೆಯ ರಿಸರ್ವೇಶನ್ ಫಾರಂನಲ್ಲಿ ಪ್ರಯಾಣಿಕರ ಹೆಸರಿನ ಮುಂದೆ ವಯಸ್ಸು ಬರೆಯಲು ಒಂದು ಸಣ್ಣ ಕಾಲಂ ಇದೆ. ದೆಹಲಿಯಲ್ಲಿ ನೌಕರಿ ಮಾಡಿ ಅಲ್ಲೇ ನಿವೃತ್ತರಾದವರು 2020ರ ಮಾರ್ಚ್‌ವರೆಗೆ ಆ ಕಾಲಂ ತುಂಬುವಾಗ ಮುಜುಗರ ಪಡುತ್ತಿರಲಿಲ್ಲ. 60 ತುಂಬಿದ ಗಂಡಸರಿಗೆ ಟಿಕೆಟ್ ದರದಲ್ಲಿ ಶೇ 40, 58 ತುಂಬಿದ ಹೆಂಗಸರಿಗೆ ಶೇ 50 ರಿಯಾಯಿತಿ ಇತ್ತು. ಖಾಲಿ ಇದ್ದರೆ ಕೆಳಗಿನ ಬರ್ತ್ ಕೂಡ ಸಿಗುತ್ತಿತ್ತು. ನೌಕರಿಯ ಜೊತೆಗೇ ರಜಾ ಪ್ರಯಾಣದ ಭತ್ಯೆ (ಎಲ್‌ಟಿಸಿ) ಮುಗಿದುಹೋದ ಸರ್ಕಾರಿ ನಿವೃತ್ತರಿಗೆ ಪ್ರಯಾಣದಲ್ಲಿ ಉಳಿದ ದೊಡ್ಡ ಸವಲತ್ತು ಇದೇ ಆಗಿತ್ತು. ಕೊರೊನಾ ಬಂದ ಮೇಲೆ ಅದೇ ಕಾಲಂನ ಅರ್ಥ ತಿರುಗುಮುರುಗಾಯಿತು. ವಯಸ್ಸು ಹೆಚ್ಚಿದ್ದವರಿಗೆ ಸಿಗುತ್ತಿದ್ದುದು ಈಗ ರಿಯಾಯಿತಿಯಲ್ಲ, ಎಚ್ಚರಿಕೆ.

ದೆಹಲಿ, ನೊಯ್ಡಾ, ಗುರುಗ್ರಾಮಗಳಲ್ಲಿ ನೆಲೆಸಿದ ಹಿರಿಯ ಕನ್ನಡಿಗರಿಗೆ ಪ್ರವಾಸ ಎಂದರೆ ಏನು ಎಂಬುದನ್ನು ಮೊದಲು ಹೇಳಬೇಕು. ನಿವೃತ್ತರಿಗೆ ‘ರಜೆ’ ಎಂಬ ಮಾತೇ ಹೊಂದುವುದಿಲ್ಲ, ದಿನವೂ ರಜೆಯೇ. ಅವರ ಪ್ರಯಾಣಗಳಿಗೆ ಕಾರಣ ಬೇರೆ: ಮಗಳ ಬಾಣಂತನ, ಮೊಮ್ಮಗನ ಉಪನಯನ, ಊರಿನ ರಥೋತ್ಸವ, ಹರಕೆ ಹೊತ್ತ ಧರ್ಮಸ್ಥಳ ಅಥವಾ ಉಡುಪಿ. ಡಿಸೆಂಬರ್ ಹೊತ್ತಿಗೆ ದೆಹಲಿಯ ಹೊಗೆಮಂಜಿಗೆ ಕೆಮ್ಮು ಹಿಡಿದರೆ ಬೆಂಗಳೂರಿನ ಮಗನ ಮನೆಯೇ ಗಿರಿಧಾಮ. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಸುಮಾರು 2,400 ಕಿಲೋಮೀಟರ್, ಎರಡು ರಾತ್ರಿ. ಆ ದೂರಕ್ಕೆ ಕೆಳಗಿನ ಬರ್ತ್ ಬೇಕೇ ಬೇಕು. ಅದು ಬೇಕೆಂದರೆ ಬುಕಿಂಗ್ ತೆರೆದ ದಿನವೇ ಟಿಕೆಟ್ ಮಾಡಿಸಬೇಕು. ಆಗ ಮುಂಗಡ ಕಾಯ್ದಿರಿಸುವ ಅವಧಿ 120 ದಿನ. ಅಂದರೆ ಈ ತಲೆಮಾರಿನ ಪ್ರವಾಸ ಶುರುವಾಗುತ್ತಿದ್ದುದು ಹೊರಡುವ ದಿನವಲ್ಲ, ನಾಲ್ಕು ತಿಂಗಳು ಮೊದಲು, ಕ್ಯಾಲೆಂಡರಿನಲ್ಲಿ ತಾರೀಖಿಗೆ ಸುತ್ತು ಹಾಕಿದ ದಿನ.

2020ರ ಯುಗಾದಿ ಮಾರ್ಚ್ 25ಕ್ಕಿತ್ತು. ಹಬ್ಬಕ್ಕೆ ಊರು ಸೇರಬೇಕೆಂದು ಮಾರ್ಚ್ 22 ಅಥವಾ 23ರ ರೈಲಿಗೆ ಮೊದಲ ದಿನವೇ ಟಿಕೆಟ್ ಮಾಡಿಸಿದವರು ಅದನ್ನು ಕೊಂಡದ್ದು ಹಿಂದಿನ ನವೆಂಬರ್ ಕೊನೆಯ ವಾರದಲ್ಲಿ. ಕೊರೊನಾ ಎಂಬ ಹೆಸರನ್ನೇ ಆಗ ಯಾರೂ ಕೇಳಿರಲಿಲ್ಲ. ಮಾರ್ಚ್ 2ರಂದು ದೆಹಲಿಯಲ್ಲಿ ಮೊದಲ ಸೋಂಕು ಪತ್ತೆಯಾಯಿತು. 19ರ ರಾತ್ರಿ ಪ್ರಧಾನಿ ಟಿವಿಯಲ್ಲಿ ಮಾತನಾಡಿ, 60–65 ದಾಟಿದವರು ಕೆಲವು ವಾರ ಮನೆಯಿಂದ ಹೊರಬರಬಾರದೆಂದು ಕೋರಿದರು. ಅನಗತ್ಯ ಪ್ರಯಾಣ ತಡೆಯುವ ಕಾರಣ ಕೊಟ್ಟು ರೈಲ್ವೆ ಹಿರಿಯರ ರಿಯಾಯಿತಿಯನ್ನು ನಿಲ್ಲಿಸಿದ ಪ್ರಕಟಣೆಯೂ ಅದೇ ದಿನದ್ದು. 22ರಂದು ಜನತಾ ಕರ್ಫ್ಯೂ, ಜೊತೆಗೇ ಪ್ರಯಾಣಿಕರ ರೈಲುಗಳು ಬಂದ್. ಯುಗಾದಿಯ ದಿನವೇ ದೇಶದ ಲಾಕ್‌ಡೌನ್ ಶುರುವಾಯಿತು. ಮಾವಿನೆಲೆಯ ತೋರಣವನ್ನು ದ್ವಾರಕಾದಲ್ಲೋ ಮಯೂರ್ ವಿಹಾರ್‌ನಲ್ಲೋ ಫ್ಲ್ಯಾಟಿನ ಬಾಗಿಲಿಗೆ ಕಟ್ಟಬೇಕಾಯಿತು, ಅದೂ ಎಲೆ ಸಿಕ್ಕಿದ್ದರೆ.

ಹಣ ವಾಪಸು ಪಡೆಯುವುದರಲ್ಲೂ ವಯಸ್ಸು ಎದ್ದು ಕಂಡಿತು. ಮೊಬೈಲಿನಲ್ಲಿ ಟಿಕೆಟ್ ಮಾಡಿದವರ ಖಾತೆಗೆ ದುಡ್ಡು ತಾನಾಗಿಯೇ ಬಂದು ಬಿತ್ತು. ಕೌಂಟರಿನಲ್ಲಿ ಸಾಲು ನಿಂತು ಮುದ್ರಿತ ಟಿಕೆಟ್ ತಂದವರಿಗೆ ಹಾಗಾಗಲಿಲ್ಲ. ಅವರು ಟಿಕೆಟ್ ಹಿಡಿದು ಮತ್ತೆ ಕೌಂಟರಿಗೇ ಹೋಗಬೇಕಿತ್ತು. ಕೌಂಟರ್ ಟಿಕೆಟ್ ನೆಚ್ಚಿಕೊಂಡವರಲ್ಲಿ ಹಿರಿಯರೇ ಬಹಳ, ಮನೆಯಿಂದ ಹೊರಗೆ ಬರಬೇಡಿ ಎನ್ನಿಸಿಕೊಂಡವರೂ ಅವರೇ. ಬ್ಯಾಂಕಿನ ಪಾಸ್‌ಬುಕ್ಕಿನ ಪ್ಲಾಸ್ಟಿಕ್ ಹೊದಿಕೆಯೊಳಗೆ ನಾಲ್ಕಾಗಿ ಮಡಿಸಿಟ್ಟ ಆ ಟಿಕೆಟ್ಟನ್ನು ತೆಗೆದು ನೋಡುವುದು, ಕೇಸುಗಳ ಸಂಖ್ಯೆ ಕೇಳಿ ಮತ್ತೆ ಒಳಗಿಡುವುದು ಹಲವು ಮನೆಗಳ ದಿನಚರಿಯಾಯಿತು. ರೈಲ್ವೆ ಈ ಕಷ್ಟ ಅರಿಯದೆ ಇರಲಿಲ್ಲ. ವಾಪಸಾತಿಯ ಗಡುವನ್ನು ಆರು ತಿಂಗಳಿಗೆ ವಿಸ್ತರಿಸಿತು. 2020ರ ಮಾರ್ಚ್ 21ರಿಂದ ಜುಲೈ 31ರ ನಡುವಿನ ಪ್ರಯಾಣದ ಟಿಕೆಟ್‌ಗಳಿಗೆ ಕೊನೆಗೆ ಒಂಬತ್ತು ತಿಂಗಳ ಅವಕಾಶ ಸಿಕ್ಕಿತು. ಅಷ್ಟಾದರೂ, ನಾಲ್ಕು ಸಾವಿರ ರೂಪಾಯಿಗೋಸ್ಕರ ಜನಜಂಗುಳಿಯಲ್ಲಿ ನಿಲ್ಲಬೇಕೇ ಎಂಬ ಪ್ರಶ್ನೆಗೆ ಪ್ರತಿ ಮನೆಯೂ ತನ್ನದೇ ಉತ್ತರ ಹುಡುಕಿಕೊಳ್ಳಬೇಕಾಯಿತು.

ವಿಮಾನದ ಟಿಕೆಟ್ ಮಾಡಿಸಿದ್ದವರ ಪಾಡು ಇನ್ನೊಂದು ಬಗೆಯದು. ರದ್ದಾದ ಟಿಕೆಟ್‌ನ ಹಣದ ಬದಲು ಹಲವು ವಿಮಾನ ಕಂಪನಿಗಳು ‘ಕ್ರೆಡಿಟ್ ಶೆಲ್’ ಎಂಬ ಜಮಾ ಚೀಟಿ ಕೊಟ್ಟವು. ಮುಂದೆ ಯಾವಾಗಲಾದರೂ ಅದೇ ಕಂಪನಿಯ ವಿಮಾನದಲ್ಲಿ ಹೋಗಬಹುದು ಎಂಬುದು ಅದರ ತಾತ್ಪರ್ಯ. ಮೂವತ್ತರ ವಯಸ್ಸಿನವರಿಗೆ ಇದು ಬರೀ ಕಿರಿಕಿರಿ. ಎಪ್ಪತ್ತೈದರವರಿಗೆ ‘ಮುಂದೆ ಯಾವಾಗಲಾದರೂ’ ಎಂಬ ಮಾತು ಬೇರೆಯೇ ಕೇಳಿಸುತ್ತದೆ. ವಿವಾದ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2020ರ ಅಕ್ಟೋಬರ್ 1ರ ತೀರ್ಪಿನ ಪ್ರಕಾರ ಲಾಕ್‌ಡೌನ್ ಅವಧಿಯಲ್ಲೇ ಬುಕ್ ಮಾಡಿ, ಆ ಅವಧಿಯಲ್ಲೇ ಹೋಗಬೇಕಿದ್ದವರಿಗೆ ಪೂರ್ತಿ ಹಣ ಕೂಡಲೇ ವಾಪಸಾಗಬೇಕಿತ್ತು. ಹಣದ ಮುಗ್ಗಟ್ಟಿನಲ್ಲಿರುವ ಕಂಪನಿಗಳು ಉಳಿದವರಿಗೆ 2021ರ ಮಾರ್ಚ್ 31ರವರೆಗೆ ಬಳಸಬಹುದಾದ ಕ್ರೆಡಿಟ್ ಶೆಲ್ ಕೊಡಬಹುದಿತ್ತು, ಬಳಸದೆ ಉಳಿದ ಹಣವನ್ನು ಆ ಮೇಲೆ ಹಿಂದಿರುಗಿಸಬೇಕಿತ್ತು. ಅದನ್ನು ಇನ್ನೊಬ್ಬರ ಹೆಸರಿಗೆ ವರ್ಗಾಯಿಸಲೂ ಕೋರ್ಟ್ ಅವಕಾಶ ಕೊಟ್ಟಿತು. ಹಿರಿಯರ ಮಟ್ಟಿಗೆ ಇಡೀ ತೀರ್ಪಿನಲ್ಲಿ ಹೆಚ್ಚು ಬೆಲೆ ಇದ್ದದ್ದು ಈ ಕೊನೆಯ ಸಾಲಿಗೇ: ತಾವು ಹೋಗದಿದ್ದರೂ ಮಗನಾದರೂ ಬಂದು ನೋಡಿಕೊಂಡು ಹೋಗಬಹುದು.

2020ರ ಮೇ 12ರಂದು ದೆಹಲಿಯಿಂದ ವಿಶೇಷ ಎಸಿ ರೈಲುಗಳು ಹೊರಟವು, ಬೆಂಗಳೂರಿನ ಗಾಡಿಯೂ ಅವುಗಳಲ್ಲಿತ್ತು. 65 ದಾಟಿದವರು ತೀರಾ ಅಗತ್ಯವಿಲ್ಲದೆ ಹೊರಡಬಾರದೆಂಬ ಕೇಂದ್ರದ ಸೂಚನೆ ಹಾಗೆಯೇ ಇತ್ತು. ಹೊರಟವರನ್ನು ಬೆದರಿಸಿದ್ದು ಪ್ರಯಾಣಕ್ಕಿಂತ ತಲುಪಿದ ಮೇಲಿನ ಗತಿ. 14ರ ಬೆಳಗ್ಗೆ ಬೆಂಗಳೂರಿಗೆ ಬಂದ ಆ ಮೊದಲ ರೈಲಿನ ಪ್ರಯಾಣಿಕರಲ್ಲಿ ಹಲವರು, ಮನೆಗೆ ಬಿಡದೆ ಸಾಂಸ್ಥಿಕ ಕ್ವಾರಂಟೈನ್‌ಗೆ ಕಳಿಸುತ್ತಾರೆಂದು ಗೊತ್ತಾಗಿ ನಿಲ್ದಾಣದಲ್ಲೇ ಪ್ರತಿಭಟಿಸಿದರು. ಕ್ವಾರಂಟೈನ್ ಒಲ್ಲದ ಕೆಲವರು ಬಂದ ದಾರಿಯಲ್ಲೇ ದೆಹಲಿಗೆ ಮರಳಿದರು. ಆ ತಿಂಗಳ ಕೊನೆಯಲ್ಲಿ ಕರ್ನಾಟಕ ಸರ್ಕಾರ ನಿಯಮ ಸಡಿಲಿಸಿ, ದೆಹಲಿಯೂ ಸೇರಿದಂತೆ ಸೋಂಕು ಹೆಚ್ಚಿದ್ದ ಆರು ರಾಜ್ಯಗಳಿಂದ ಬಂದವರಿಗೆ 7 ದಿನ ಸಾಂಸ್ಥಿಕ, ಮತ್ತೆ 7 ದಿನ ಮನೆಯ ಕ್ವಾರಂಟೈನ್ ಎಂದಿತು. ಪರೀಕ್ಷೆಯಲ್ಲಿ ಸೋಂಕಿಲ್ಲವೆಂದಾದರೆ ಗರ್ಭಿಣಿಯರು, ಸಣ್ಣ ಮಕ್ಕಳು ಮತ್ತು 80 ದಾಟಿದವರು ನೇರ ಮನೆಗೆ ಹೋಗಬಹುದಿತ್ತು. ಎಪ್ಪತ್ತೆಂಟರವರು ಮನೆಯಲ್ಲಿರಿ ಎನ್ನಿಸಿಕೊಳ್ಳುವಷ್ಟು ಮುದುಕರು, ಮನೆಗೆ ಬಿಡುವಷ್ಟು ಮುದುಕರಲ್ಲ! ರಾತ್ರಿ ಮೂರು ಸಲ ಏಳುವವರು, ಇನ್ಸುಲಿನ್ ಫ್ರಿಜ್‌ನಲ್ಲಿಡಬೇಕಾದವರು ಅಪರಿಚಿತ ಹೋಟೆಲ್ ಕೋಣೆಯಲ್ಲಿ ಏಳು ದಿನ ಒಬ್ಬರೇ ಇರುವುದನ್ನು ನೆನೆದೇ ಪ್ರಯಾಣ ಕೈಬಿಟ್ಟಿದ್ದರೆ ಅದನ್ನು ಅಂಜುಬುರುಕುತನ ಎನ್ನಲಾಗದು. ಆ ಜುಲೈನಲ್ಲಿ ಬಂದ ‘ಕೊರೊನಾ ಕವಚ್’ ವಿಮೆ ಕೊಳ್ಳಲೂ 65 ಮೀರಿರಬಾರದಿತ್ತು. ಅಪಾಯ ಹೆಚ್ಚಿದ್ದವರಿಗೇ ವಿಮೆ ಇಲ್ಲ.

ಪ್ರಯಾಣದ ರೀತಿಯೂ ಬದಲಾಯಿತು. ವಿಮಾನದಲ್ಲಿ ಮಧ್ಯದ ಸೀಟಿನವರಿಗೆ ಮೈಮುಚ್ಚುವ ಗೌನ್. ರೈಲಿನ ಎಸಿ ಬೋಗಿಯಲ್ಲಿ ಹೊದಿಕೆ, ದಿಂಬು ಬಂದ್, 2022ರ ಮಾರ್ಚ್‌ವರೆಗೂ. ಎಪ್ಪತ್ತರ ದಶಕದಲ್ಲಿ ಹೋಲ್ಡಾಲ್ ಬಿಗಿದು ದೆಹಲಿಗೆ ಕೆಲಸಕ್ಕೆ ಬಂದ ತಲೆಮಾರಿಗೆ ಹಾಸಿಗೆ ಹೊತ್ತು ಹೊರಡುವುದು ಹೊಸತೇನಲ್ಲ. ಹೊರುವ ಹೆಗಲು ಮಾತ್ರ ಈಗ ಹಳೆಯದು.

ಹಿರಿಯರ ಮನಸ್ಸಿಗೆ ಹೆಚ್ಚು ನಾಟಿದ್ದು ಮಾತ್ರ ಇದ್ಯಾವುದೂ ಅಲ್ಲ. ಮನೆಯೊಳಗೆ ಯಜಮಾನಿಕೆ ಕೈಬದಲಾಯಿತು. ಕೌಂಟರುಗಳು ಮುಚ್ಚಿ, ಸೀಟು ಆನ್‌ಲೈನ್‌ನಲ್ಲೇ ಎಂದಾದ ಮೇಲೆ ಟಿಕೆಟ್ ಮಾಡಬೇಕಾದವರು ಮಕ್ಕಳು. ಟಿಕೆಟ್ ಮಾಡುವವರಿಗೆ ಬೇಡ ಎನ್ನುವ ಅಧಿಕಾರವೂ ಬಂತು. ದೆಹಲಿಯ ಅಮ್ಮ, ಬೆಂಗಳೂರಿನ ಮಗ ಫೋನಿನಲ್ಲಿ ಆಡುತ್ತಿದ್ದ ಮಾತು ಹೆಚ್ಚೂಕಡಿಮೆ ಎಲ್ಲ ಮನೆಗಳಲ್ಲೂ ಒಂದೇ. “ಈಗ ಬೇಡಮ್ಮ, ಕೇಸ್ ಕಮ್ಮಿ ಆಗ್ಲಿ, ಬರೋ ವರ್ಷ ನೋಡೋಣ.” “ಬರೋ ವರ್ಷ ನಾನಿರ್ಬೇಕಲ್ಲಪ್ಪ.” ಮಗ ನಗುತ್ತಾನೆ, ಹಾಗೆಲ್ಲ ಮಾತಾಡಬೇಡ ಎಂದು ಗದರಿಸುತ್ತಾನೆ. ಅಮ್ಮನ ಮಾತು ಹಟದ್ದಲ್ಲ, ಲೆಕ್ಕದ್ದು. ಮುಂದೆ ಹತ್ತೇ ವರ್ಷ ಓಡಾಡುವ ಶಕ್ತಿ ಇದೆ ಎಂದು ನಂಬಿದವರಿಗೆ ಎರಡು ವರ್ಷ ಎಂದರೆ ಐದನೆಯ ಒಂದು ಪಾಲು. ಮೊಮ್ಮಗು ತೊದಲುವ ವಯಸ್ಸೂ ಆ ಎರಡೇ ವರ್ಷದಲ್ಲಿ ಮುಗಿಯುತ್ತದೆ. ಇತ್ತ ಮಕ್ಕಳ ದಿಗಿಲೂ ಸುಳ್ಳಲ್ಲ. ತಾನು ಮಾಡಿಕೊಟ್ಟ ಟಿಕೆಟ್ಟಿನಿಂದಲೇ ಅಪ್ಪ ಆಸ್ಪತ್ರೆ ಸೇರಿದರೆ ಎಂಬ ಹೆದರಿಕೆಯಲ್ಲಿ ಯಾರೂ ‘ಬುಕ್’ ಗುಂಡಿ ಒತ್ತಲಾರರು. ಹೀಗೆ ಎರಡೂ ಕಡೆಯವರು ಒಬ್ಬರನ್ನೊಬ್ಬರು ಕಾಪಾಡಲು ಹೋಗಿ ಒಬ್ಬರ ಮುಖ ಒಬ್ಬರು ನೋಡದೆ ಉಳಿದರು.

2021ರ ಮಾರ್ಚ್ 1ರಿಂದ 60 ದಾಟಿದವರಿಗೆ ಲಸಿಕೆ ಶುರುವಾದಾಗ ವಯಸ್ಸಿನ ಕಾಲಂಗೆ ಒಂದಿಷ್ಟು ಮಾನ ಮರಳಿತು. ಸಾಮಾನ್ಯ ಜನರ ಸಾಲಿನಲ್ಲಿ ಹಿರಿಯರೇ ಮೊದಲು. ಮೊದಲ ಡೋಸ್ ಆದ ಧೈರ್ಯದಲ್ಲಿ ಬೇಸಿಗೆಗೆ ಟಿಕೆಟ್ ಮಾಡಿಸಿದವರಿದ್ದರು. ಆ ವರ್ಷದ ಯುಗಾದಿ ಏಪ್ರಿಲ್ 13ಕ್ಕೆ. ಹಬ್ಬ ಕಳೆದು ಆರು ದಿನಕ್ಕೆ, 19ರ ರಾತ್ರಿ, ದೆಹಲಿ ಮತ್ತೆ ಲಾಕ್‌ಡೌನ್ ಆಯಿತು. ಮರುದಿನ ಒಂದೇ ದಿನದಲ್ಲಿ 28,395 ಹೊಸ ಸೋಂಕು. ಆಕ್ಸಿಜನ್‌ಗಾಗಿ ಜನ ಬೀದಿ ಅಲೆದ ಆ ವಾರಗಳಲ್ಲಿ ಪ್ರವಾಸದ ಮಾತೆತ್ತುವುದೇ ಅಪಚಾರವೆನಿಸಿತು. ಮೇ 13ರಂದು ಕೋವಿಶೀಲ್ಡ್‌ನ ಎರಡು ಡೋಸ್‌ಗಳ ಅಂತರ 12ರಿಂದ 16 ವಾರಕ್ಕೇರಿ, ಎರಡನೆಯ ಡೋಸ್ ಹಾಕಿಸಿಕೊಂಡು ಹೊರಡೋಣ ಎಂದಿದ್ದವರ ತಾರೀಖೂ ಮುಂದಕ್ಕೆ ಹೋಯಿತು.

ಜುಲೈ ಹೊತ್ತಿಗೆ ಶಿಮ್ಲಾ, ಮನಾಲಿ, ಮಸ್ಸೂರಿಗಳಲ್ಲಿ ಕಾಲಿಡಲು ಜಾಗವಿರಲಿಲ್ಲ, ಬಂದವರಲ್ಲಿ ದೆಹಲಿ ಕಡೆಯ ಕಾರುಗಳೇ ಜಾಸ್ತಿ. ಟಿವಿಯಲ್ಲಿ ಆ ನೂಕುನುಗ್ಗಲು ಕಂಡ ಹಿರಿಯರಿಗೆ ಸಿಟ್ಟು ಒಂದು ಕಡೆ, ಆಸೆ ಇನ್ನೊಂದು ಕಡೆ. ಹೊರಟವರೂ ಕಾರಿನಲ್ಲಿ ಹೋಗಿ ಎರಡು ದಿನದಲ್ಲಿ ಹಿಂದಿರುಗಬಹುದಾದ ಹರಿದ್ವಾರ, ವೃಂದಾವನಗಳನ್ನೇ ಆರಿಸಿಕೊಂಡರು.

ದೆಹಲಿ ಸರ್ಕಾರದ ಮುಖ್ಯಮಂತ್ರಿ ತೀರ್ಥಯಾತ್ರಾ ಯೋಜನೆಯನ್ನು ಇಲ್ಲಿ ನೋಡಲೇಬೇಕು. 60 ದಾಟಿದ ದೆಹಲಿ ನಿವಾಸಿಗಳನ್ನು ಉಚಿತವಾಗಿ ಯಾತ್ರೆಗೆ ಕರೆದೊಯ್ಯುವ ಈ ಯೋಜನೆಯ ಮೊದಲ ರೈಲು 2019ರ ಜುಲೈ 12ರಂದು ಸಫ್ದರ್‌ಜಂಗ್ ನಿಲ್ದಾಣದಿಂದ ಅಮೃತಸರಕ್ಕೆ ಹೊರಟಿತ್ತು. 70 ವಿಧಾನಸಭಾ ಕ್ಷೇತ್ರಗಳಿಂದ ವರ್ಷಕ್ಕೆ ತಲಾ 1,100 ಮಂದಿ, ಒಟ್ಟು 77,000 ಎಂಬುದು ಯೋಜನೆಯ ಲೆಕ್ಕ. ಕೊರೊನಾ ಅದನ್ನು ನಿಲ್ಲಿಸಿತು. 2021ರ ಡಿಸೆಂಬರ್ 3ರಂದು ಅಯೋಧ್ಯೆಗೆ ಹೊರಟ ರೈಲಿನಲ್ಲಿ ಸುಮಾರು ಸಾವಿರ ಹಿರಿಯರಿದ್ದರು. ಓಮಿಕ್ರಾನ್ ಸುದ್ದಿ ಆಗಲೇ ಹಬ್ಬಿತ್ತು, ತಿಂಗಳು ಕಳೆಯುವಷ್ಟರಲ್ಲಿ ದೆಹಲಿಗೆ ವಾರಾಂತ್ಯದ ಕರ್ಫ್ಯೂ ಬಂತು. ಆದರೂ ರೈಲು ತುಂಬಿ ಹೋಯಿತು. ಹಿರಿಯರು ರೋಗಕ್ಕೆ ಹೆದರಿ ಮನೆ ಬಿಡಲೊಲ್ಲರು ಎಂಬ ಮಾತನ್ನು ಆ ರೈಲು ಸುಳ್ಳುಮಾಡಿತು. ಟಿಕೆಟ್ ಮಾಡುವ ತಾಪತ್ರಯವಿಲ್ಲ, ಹಣ ಕಳೆದುಕೊಳ್ಳುವ ಭಯವಿಲ್ಲ, ಜೊತೆಗೆ ಓರಗೆಯವರು. ಇಷ್ಟಿದ್ದರೆ ಅವರು ಹೊರಡಲು ಸಿದ್ಧರಿದ್ದರು.

ರಿಯಾಯಿತಿ ಮಾತ್ರ ಹಿಂದಿರುಗಲಿಲ್ಲ. ಸೋಂಕು ತಡೆಯುವ ಕಾರಣ ಹೇಳಿ ನಿಲ್ಲಿಸಿದ್ದನ್ನು ಸೋಂಕು ಇಳಿದ ಮೇಲೆ ಖರ್ಚಿನ ಕಾರಣ ಹೇಳಿ ಮುಂದುವರಿಸಲಾಯಿತು. ಮಾಹಿತಿ ಹಕ್ಕಿನಡಿ ರೈಲ್ವೆಯೇ ಕೊಟ್ಟ ಲೆಕ್ಕದಂತೆ 2020ರ ಮಾರ್ಚ್ 20ರಿಂದ 2022ರ ಮಾರ್ಚ್ 31ರವರೆಗೆ 7 ಕೋಟಿಗೂ ಹೆಚ್ಚು ಹಿರಿಯ ಪ್ರಯಾಣಿಕರು ಪೂರ್ತಿ ದರ ತೆತ್ತರು. ಅದರಿಂದ ಬಂದ ಹೆಚ್ಚುವರಿ ಆದಾಯ ಸುಮಾರು 1,500 ಕೋಟಿ ರೂಪಾಯಿ. ಬರೀ ಪಿಂಚಣಿಯಲ್ಲಿ ಬದುಕುವ ದಂಪತಿ ವರ್ಷಕ್ಕೆ ಎರಡು ಸಲ ಊರಿಗೆ ಹೋಗುತ್ತಿದ್ದುದು ಒಂದು ಸಲಕ್ಕೆ ಇಳಿದರೆ ಅದಕ್ಕೆ ರೋಗವೊಂದೇ ಕಾರಣವಲ್ಲ.

ಕೈತಪ್ಪಿದ ಯಾತ್ರೆಗಳಲ್ಲಿ ಮತ್ತೆ ಸಿಗದೇ ಹೋದದ್ದು ಕೈಲಾಸ ಮಾನಸ ಸರೋವರ. ವಿದೇಶಾಂಗ ಸಚಿವಾಲಯ ನಡೆಸುವ ಈ ಯಾತ್ರೆಗೆ ಎಲ್ಲ ರಾಜ್ಯದವರೂ ದೆಹಲಿಯಲ್ಲೇ ಸೇರಿ, ಅಲ್ಲೇ ಆರೋಗ್ಯ ತಪಾಸಣೆ ಮುಗಿಸಿ ಹೊರಡುತ್ತಾರೆ. ಆರಿಸುವುದು ಲಾಟರಿಯಲ್ಲಿ. ಒಂದು ವರ್ಷ ಹೆಸರು ಬರದಿದ್ದರೆ ಮರುವರ್ಷ ಮತ್ತೆ ಅರ್ಜಿ ಹಾಕುವುದು ವಾಡಿಕೆ. ಗರಿಷ್ಠ ವಯಸ್ಸು 70, ಲೆಕ್ಕ ಆ ವರ್ಷದ ಜನವರಿ 1ಕ್ಕೆ. 2020ರಲ್ಲಿ ಕೊರೊನಾದಿಂದ ಯಾತ್ರೆ ನಿಂತಿತು. ಚೀನಾ ಜೊತೆಗಿನ ಗಡಿಯ ಬಿಕ್ಕಟ್ಟೂ ಸೇರಿ ಐದು ವರ್ಷ ಬಾಗಿಲು ತೆರೆಯಲಿಲ್ಲ. 2025ರ ಜೂನ್‌ನಲ್ಲಿ ಲಿಪುಲೇಖ್ ಮತ್ತು ನಾಥು ಲಾ ದಾರಿಗಳಲ್ಲಿ ಮತ್ತೆ ಶುರುವಾದಾಗ 15 ತಂಡಗಳಲ್ಲಿ 750 ಮಂದಿಗೆ ಅವಕಾಶ ಸಿಕ್ಕಿತು. ವಯೋಮಿತಿ 70ರಲ್ಲೇ ಉಳಿದಿತ್ತು. 2020ರ ಜನವರಿ 1ಕ್ಕೆ 66 ತುಂಬಿದ್ದವರು ಆ ಅರ್ಜಿ ಹಾಕುವಂತಿರಲಿಲ್ಲ.