ಶಾಲೆಯ ಮುಂದಿನ ರಸ್ತೆಗೆ ಒಂದು ಅರ್ಜಿ



ಶಾಲೆ ಬಿಡುವ ಗಂಟೆ ಬಾರಿಸಿತೆಂದರೆ ಮಕ್ಕಳು ಒಡ್ಡು ಒಡೆದ ನೀರಿನಂತೆ ಹೊರಗೆ ನುಗ್ಗುತ್ತಾರೆ. ಅವರ ಕಣ್ಣು ರಸ್ತೆಯ ಮೇಲೆ ಇರುವುದಿಲ್ಲ. ಮುಂದೆ ಓಡುವ ಗೆಳೆಯನ ಮೇಲೆ, ಬಾರಿಹಣ್ಣು ಮಾರುವ ಅಜ್ಜಿಯ ಬುಟ್ಟಿಯ ಮೇಲೆ ಇರುತ್ತದೆ. ಅದೇ ರಸ್ತೆಯಲ್ಲಿ ಜೀಪು, ಮೋಟಾರ್ ಸೈಕಲ್, ಎರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರ್ ಬರುತ್ತವೆ. ಬಾಲಗಾಂವ, ಉಮದಿ, ಸಂಖ ಈ ಭಾಗದ ತೋಟದ ವಸ್ತಿಗಳಿಂದ ನಡೆದುಕೊಂಡೇ ಶಾಲೆಗೆ ಬರುವ ಮಕ್ಕಳು ಬಹಳ. ರಸ್ತೆ ಸುಧಾರಿಸಿದಷ್ಟೂ ವಾಹನದ ವೇಗ ಹೆಚ್ಚುತ್ತದೆ. ಆದರೆ ಮಗುವಿನ ಕಾಲು ಮಾತ್ರ ಮೊದಲಿನ ಕಾಲೇ.

ವೇಗದ ಲೆಕ್ಕವನ್ನು ಸ್ವಲ್ಪ ನೋಡೋಣ. ಗಂಟೆಗೆ 30 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿನಲ್ಲಿ 8 ಮೀಟರಿಗಿಂತ ಹೆಚ್ಚು ಮುಂದೆ ಹೋಗುತ್ತದೆ. ಚಾಲಕನು ಮಗುವನ್ನು ಕಂಡು ಬ್ರೇಕಿನ ಮೇಲೆ ಕಾಲಿಡಲು ಒಂದು ಸೆಕೆಂಡು ಹಿಡಿದರೆ, ಒಣಗಿದ ಡಾಂಬರು ರಸ್ತೆಯಲ್ಲಿ ಕಾರು ಒಟ್ಟು 13 ಮೀಟರಿನ ಸುಮಾರಿಗೆ ನಿಲ್ಲುತ್ತದೆ. ವೇಗ 60 ಇದ್ದರೆ ನಿಲ್ಲಲು 36 ಮೀಟರ್ ಬೇಕು. ವೇಗ ಎರಡು ಪಟ್ಟಾದರೆ ಬ್ರೇಕು ಹಿಡಿದ ಮೇಲೆ ಓಡುವ ದೂರ ನಾಲ್ಕು ಪಟ್ಟಾಗುತ್ತದೆ. ಮಳಲು ಬಿದ್ದ ರಸ್ತೆ, ತುಂಬಿದ ಟ್ರೇಲರ್ ಇದ್ದರೆ ಇನ್ನೂ ಹೆಚ್ಚು. ಈ ಕಾರಣಕ್ಕೇ 2020ರ ಫೆಬ್ರುವರಿಯ ಸ್ಟಾಕ್‌ಹೋಮ್ ಘೋಷಣೆಯು, ಜನರೂ ವಾಹನಗಳೂ ಕೂಡಿ ಓಡಾಡುವ ಕಡೆ ಗಂಟೆಗೆ 30 ಕಿಲೋಮೀಟರ್ ಮಿತಿ ಇರಲಿ ಎಂದು ಹೇಳಿತು.

ಅಪಘಾತವಾದ ಮರುದಿನ ನಮ್ಮ ಕಡೆಯ ರೂಢಿ ಏನು? ಊರವರು ಸಿಟ್ಟಿನಿಂದ ಕಲ್ಲು ಮಣ್ಣು ತಂದು ರಸ್ತೆಗೆ ಅಡ್ಡ ದಿಬ್ಬ ಹಾಕುತ್ತಾರೆ. ಸಿಟ್ಟು ನ್ಯಾಯವಾದದ್ದೇ. ಆದರೆ ಬಣ್ಣವಿಲ್ಲದ, ಫಲಕವಿಲ್ಲದ ದಿಬ್ಬ ರಾತ್ರಿ ಕಾಣುವುದಿಲ್ಲ. ಗಾಡಿಯ ಹಿಂದೆ ಕುಳಿತ ಹೆಣ್ಣುಮಗಳು ಬೀಳುತ್ತಾಳೆ, ಹೆರಿಗೆಗೆ ಹೊರಟ ಗಾಡಿ ಎತ್ತಿಹಾಕುತ್ತದೆ. 2015ರ ಒಂದೇ ವರ್ಷದಲ್ಲಿ ದೇಶದಲ್ಲಿ ರಸ್ತೆಯುಬ್ಬುಗಳ ಬಳಿ ನಡೆದ ಅಪಘಾತಗಳಲ್ಲಿ 3 ಸಾವಿರಕ್ಕೂ ಹೆಚ್ಚು ಜನ ಸತ್ತರೆಂದು ಕೇಂದ್ರ ಸಾರಿಗೆ ಇಲಾಖೆಯ ವರದಿ ಹೇಳಿದೆ.

ಸರಿಯಾದ ಉಬ್ಬಿಗೆ ಒಂದು ಅಳತೆ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯು 1988ರಲ್ಲಿ 99ನೆಯ ಸಂಖ್ಯೆಯ ಸೂಚನೆಗಳಲ್ಲಿ ಅದನ್ನು ಕೊಟ್ಟಿತು. 2018ರಲ್ಲಿ ಆ ಸೂಚನೆಗಳನ್ನು ಪರಿಷ್ಕರಿಸಿತು. ಮೊದಲ ಸೂಚನೆಯ ಪ್ರಕಾರ ಉಬ್ಬಿನ ಎತ್ತರ 10 ಸೆಂಟಿಮೀಟರ್, ಅಂದರೆ ನಾಲ್ಕು ಇಂಚು. ವಾಹನ ಹೋಗುವ ದಿಕ್ಕಿನಲ್ಲಿ ಅಗಲ 3.7 ಮೀಟರ್, ಅಂದರೆ ಹನ್ನೆರಡು ಅಡಿ. ಹೀಗೆ ನಿಧಾನವಾಗಿ ಏರಿ ಇಳಿಯುವ ಉಬ್ಬನ್ನು 25 ಕಿಲೋಮೀಟರ್ ವೇಗದಲ್ಲಿ ತೊಂದರೆಯಿಲ್ಲದೆ ದಾಟಬಹುದು. ಅದಕ್ಕೆ ಪಟ್ಟೆ ಬಣ್ಣ ಬೇಕು, 40 ಮೀಟರ್ ಮೊದಲೇ ಎಚ್ಚರಿಕೆಯ ಫಲಕ ಬೇಕು. ಉಬ್ಬು ಒಂದೇ ಉಪಾಯವೂ ಅಲ್ಲ. ಗಡಗಡ ಸದ್ದು ಮಾಡುವ ಅಡ್ಡಪಟ್ಟಿ, ದಾಟುವ ಬಿಳಿಪಟ್ಟೆ, ಗೇಟಿನ ಮುಂದೆ ಕಟಾಂಜನ, ಶಾಲೆಯ ಫಲಕ ಇವೆಲ್ಲ ಇವೆ. ಕೆಂಪು ಅಂಚಿನ ತ್ರಿಕೋನದೊಳಗೆ ಮಕ್ಕಳ ಚಿತ್ರವಿರುವ ಆ ಫಲಕವನ್ನು ಕನ್ನಡದವರೂ ಮರಾಠಿಯವರೂ ಒಂದೇ ರೀತಿ ಓದುತ್ತಾರೆ.

ಇನ್ನು ಅರ್ಜಿ. ಮೊದಲ ಪ್ರಶ್ನೆ, ರಸ್ತೆ ಯಾರದು? ತಪ್ಪು ಕಚೇರಿಗೆ ಹೋದ ಅರ್ಜಿ ಬೇರೆ ಶಾಖೆಯ ಚೆಕ್ಕಿನಂತೆ ಸುತ್ತಾಡುತ್ತದೆ. ಮಹಾರಾಷ್ಟ್ರದಲ್ಲಿ ಹಳ್ಳಿಯ ರಸ್ತೆ ಮತ್ತು ಇತರ ಜಿಲ್ಲಾ ಮಾರ್ಗಗಳು ಜಿಲ್ಲಾ ಪರಿಷತ್ತಿನ ಬಾಂಧಕಾಮ ವಿಭಾಗಕ್ಕೆ ಸೇರುತ್ತವೆ. ಪ್ರಮುಖ ಜಿಲ್ಲಾ ಮಾರ್ಗ ಮತ್ತು ರಾಜ್ಯ ಹೆದ್ದಾರಿಗಳು ಸಾರ್ವಜನಿಕ ಬಾಂಧಕಾಮ ವಿಭಾಗಕ್ಕೆ ಸೇರುತ್ತವೆ. ಪೇಟೆಯ ಒಳರಸ್ತೆಯಾದರೆ ನಗರ ಪರಿಷತ್ತು ಇಲ್ಲವೆ ಮಹಾನಗರಪಾಲಿಕೆ. ಮೈಲುಗಲ್ಲಿನ ತಲೆಯ ಬಣ್ಣ ನೋಡಿದರೂ ಸುಳಿವು ಸಿಗುತ್ತದೆ: ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯದ್ದು, ಕಪ್ಪು ಇಲ್ಲವೆ ನೀಲಿ ಜಿಲ್ಲೆಯದು, ಕೇಸರಿ ಗ್ರಾಮ ಸಡಕ್ ಯೋಜನೆಯದು. ಜತ್ತದ ಮೂಲಕ ಹೋಗುವ ಗುಹಾಗರ–ವಿಜಯಪುರ ರಸ್ತೆ ರಾಷ್ಟ್ರೀಯ ಹೆದ್ದಾರಿ. ಅಂಥ ಹೆದ್ದಾರಿಯ ಮೇಲೆ ಉಬ್ಬು ಇರಬಾರದೆಂದು ಕೇಂದ್ರ ಇಲಾಖೆ 2016ರಲ್ಲಿ ತಿಳಿಸಿದ್ದರಿಂದ, ಅಲ್ಲಿ ಅಡ್ಡಪಟ್ಟಿ ಮತ್ತು ಫಲಕವನ್ನು ಕೇಳುವುದೇ ಜಾಣತನ.

ಎರಡನೆಯ ಪ್ರಶ್ನೆ, ಯಾವ ಭಾಷೆಯಲ್ಲಿ ಬರೆಯಬೇಕು? ಮರಾಠಿ ಬರೆಯಲು ಬರುವುದಿಲ್ಲವೆಂದು ಎಷ್ಟೋ ತಂದೆತಾಯಿಗಳು ಸುಮ್ಮನಿರುತ್ತಾರೆ. ಅವರು ತಿಳಿಯಬೇಕಾದದ್ದು ಸಂವಿಧಾನದ 350ನೆಯ ಅನುಚ್ಛೇದ. ತನ್ನ ಕುಂದುಕೊರತೆಯನ್ನು ಒಕ್ಕೂಟದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬನಿಗೂ ಇದೆ ಎಂದು ಅದು ಹೇಳುತ್ತದೆ. ಆದ್ದರಿಂದ ಕನ್ನಡದ ಅರ್ಜಿಯನ್ನು ಯಾರೂ ಹಿಂದಕ್ಕೆ ತಳ್ಳುವಂತಿಲ್ಲ. ಆದರೂ ಮೇಜಿನ ಆಚೆ ಕುಳಿತ ಗುಮಾಸ್ತನಿಗೆ ಕನ್ನಡ ಬಾರದೆ ಇರಬಹುದು. ಒಂದು ಪುಟದ ಮರಾಠಿ ಅನುವಾದವನ್ನು ಜೊತೆಗೆ ಹಚ್ಚಿದರೆ ಕಡತ ಬೇಗ ಸರಿಯುತ್ತದೆ. ಹಕ್ಕನ್ನು ಬಿಡಬೇಡಿ, ಕೆಲಸವನ್ನೂ ಕೆಡಿಸಿಕೊಳ್ಳಬೇಡಿ.

ಮೂರನೆಯದು, ಏನು ಬರೆಯಬೇಕು? "ಬಹಳ ತೊಂದರೆಯಾಗಿದೆ" ಎಂದರೆ ಅಧಿಕಾರಿಗೆ ಏನೂ ತಿಳಿಯುವುದಿಲ್ಲ. ಲೆಕ್ಕ ಕೊಡಿರಿ. ಶಾಲೆ ಕೂಡುವ ಮತ್ತು ಬಿಡುವ ಅರ್ಧ ಗಂಟೆ ಇಬ್ಬರು ಪಾಲಕರು ಗೇಟಿನ ಬಳಿ ನಿಂತು, ಎಷ್ಟು ಮಕ್ಕಳು ದಾಟಿದರು, ಎಷ್ಟು ವಾಹನ ಹೋದವು ಎಂದು ಗೆರೆ ಎಳೆದು ಎಣಿಸಲಿ. ಒಂದು ವಾರ ಹಾಗೆ ಮಾಡಿರಿ. ಗೇಟು, ತಿರುವು, ಬಸ್ ನಿಲ್ದಾಣ ತೋರಿಸುವ ಕೈನಕ್ಷೆ ಹಚ್ಚಿರಿ. ಹಿಂದೆ ಅಪಘಾತವಾಗಿದ್ದರೆ ತಾರೀಖು ಬರೆಯಿರಿ. ಕೊನೆಗೆ ಏನು ಬೇಕು, ಎಲ್ಲಿ ಬೇಕು ಎಂಬುದನ್ನು ಎರಡು ಸಾಲಿನಲ್ಲಿ ಹೇಳಿರಿ.

ಸಹಿ ಯಾರದು? 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು. ಆ ಸಮಿತಿಯ ಠರಾವು ಮೊದಲು ಆಗಲಿ. ಆಮೇಲೆ ಗ್ರಾಮಸಭೆಯ ಠರಾವು. ಎರಡರ ನಕಲೂ ಅರ್ಜಿಯ ಜೊತೆ ಹೋದರೆ ಅದು ಒಬ್ಬನ ದೂರಾಗಿ ಉಳಿಯದೆ ಊರಿನ ಮಾತಾಗುತ್ತದೆ.

ಬ್ಯಾಂಕಿನಲ್ಲಿ ಕಾಗದಗಳ ನಡುವೆಯೇ ಕೂದಲು ಬೆಳ್ಳಗೆ ಮಾಡಿಕೊಂಡವನು ನಾನು. ಒಂದು ಮಾತು ಖಚಿತವಾಗಿ ಹೇಳುತ್ತೇನೆ: ಆವಕ ಸಂಖ್ಯೆ ಬೀಳದ ಕಾಗದ ಕಾಗದವೇ ಅಲ್ಲ. ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಶಿಕ್ಕಾ, ತಾರೀಖು, ಆವಕ ಸಂಖ್ಯೆ ಹಾಕಿಸಿಕೊಳ್ಳಿರಿ. ತಿಂಗಳು ಕಳೆದರೂ ಉತ್ತರ ಬಾರದಿದ್ದರೆ ಅದೇ ಸಂಖ್ಯೆ ಬರೆದು ನೆನಪಿನ ಪತ್ರ ಕೊಡಿರಿ. ಕಡತ ಎಲ್ಲಿದೆಯೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ ಪ್ರಕಾರ 10 ರೂಪಾಯಿ ಶುಲ್ಕದಿಂದ ಕೇಳಬಹುದು. 30 ದಿನದೊಳಗೆ ಉತ್ತರ ಬರಬೇಕು. ಇಲ್ಲಿ ಮಾತ್ರ ಎಚ್ಚರ. ಆ ಕಾಯ್ದೆಯ ಅರ್ಜಿ ಇಂಗ್ಲಿಷ್, ಹಿಂದಿ ಇಲ್ಲವೆ ಆ ಪ್ರದೇಶದ ಆಡಳಿತ ಭಾಷೆಯಲ್ಲಿ, ಅಂದರೆ ನಮ್ಮಲ್ಲಿ ಮರಾಠಿಯಲ್ಲಿ ಇರಬೇಕು. ಇದಲ್ಲದೆ ಜಿಲ್ಲಾಧಿಕಾರಿ ಕಚೇರಿಯ ಲೋಕಶಾಹಿ ದಿನವೂ ಇದೆ, ಜಿಲ್ಲಾ ರಸ್ತೆ ಸುರಕ್ಷಾ ಸಮಿತಿಯೂ ಇದೆ.

ಆ ಸಮಿತಿಯ ಹಿಂದೆಯೂ ಒಂದು ಅರ್ಜಿಯ ಕಥೆ ಇದೆ. ಕೊಯಮತ್ತೂರಿನ ಎಲುಬಿನ ವೈದ್ಯರಾದ ಎಸ್. ರಾಜಶೇಖರನ್ ಅವರು ರಸ್ತೆ ಅಪಘಾತಗಳ ಬಗ್ಗೆ 2012ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಅದರ ಮೇಲೆ 2017ರ ನವೆಂಬರ್ 30ರಂದು ಬಂದ ತೀರ್ಪು ಪ್ರತಿ ಜಿಲ್ಲೆಯಲ್ಲಿಯೂ ಇಂಥ ಸಮಿತಿ ಇರಬೇಕೆಂದು ವಿಧಿಸಿತು. ದೂರದ ನೆದರ್ಲೆಂಡ್ಸ್ ದೇಶದಲ್ಲಿ 1971ರಲ್ಲಿ 400ಕ್ಕೂ ಹೆಚ್ಚು ಮಕ್ಕಳು ರಸ್ತೆಯಲ್ಲಿ ಸತ್ತಾಗ, ಅಲ್ಲಿಯ ತಂದೆತಾಯಿಗಳು ಮರುವರ್ಷವೇ ಚಳವಳಿ ಹೂಡಿ ಬೀದಿಗಳ ರೂಪವನ್ನೇ ಬದಲಿಸುವಂತೆ ಮಾಡಿದರು.

ನಮ್ಮ ಊರುಗಳಲ್ಲಿ ಅರ್ಜಿ ಬರೆಯಲು ಅಪಘಾತಕ್ಕಾಗಿ ಕಾಯುವ ಕಾರಣವಿಲ್ಲ. ಶಾಲಾ ಸಮಿತಿಯ ಮುಂದಿನ ಸಭೆಯಲ್ಲಿಯೇ ಈ ವಿಷಯ ಎತ್ತಿರಿ. ಎಣಿಕೆಗೆ ಇಬ್ಬರು ಪಾಲಕರ ಹೆಸರನ್ನು ಅಲ್ಲಿಯೇ ಬರೆದುಕೊಳ್ಳಿರಿ.