ಕಣ್ಣಿಗೆ ತೊಂದರೆಯಾದಾಗ ಯಾರಲ್ಲಿಗೆ ಹೋಗಬೇಕು?



ಕಣ್ಣು ಕೆಂಪಾದೊಡನೆ ಎದೆಹಾಲನ್ನೋ ಹರಳೆಣ್ಣೆಯನ್ನೋ ಸೊಪ್ಪಿನ ರಸವನ್ನೋ ಬಿಡುವ ರೂಢಿಯು ನಮ್ಮ ಹಳ್ಳಿಗಳಲ್ಲಿ ಇನ್ನೂ ಅಳಿದಿಲ್ಲ. ಭತ್ತದ ಸುಂಕು ಅಥವಾ ಕಬ್ಬಿನ ಗರಿ ತಗುಲಿ ಗಾಯಗೊಂಡ ಕಣ್ಣಿಗೆ ಇವನ್ನು ಹಾಕಿದಲ್ಲಿ, ಗಾಯವು ಕೀವುಗಟ್ಟಿ, ಕರಿಗುಡ್ಡೆಯ ಮೇಲೆ ಬಿಳಿಯ ಹೂ ಬಿದ್ದು ದೃಷ್ಟಿಯೇ ನಷ್ಟವಾಗಬಹುದು. ಅಂತಹ ಕಣ್ಣನ್ನು ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸತಕ್ಕದ್ದು. ನಮ್ಮಂತಹ ಎಂ.ಬಿ.ಬಿ.ಎಸ್. ವೈದ್ಯರು ಪ್ರಥಮ ಚಿಕಿತ್ಸೆಯನ್ನಿತ್ತು, ಅವಶ್ಯವಿದ್ದಲ್ಲಿ ನೇತ್ರತಜ್ಞರಲ್ಲಿಗೆ ಚೀಟಿ ಬರೆದುಕೊಡುವೆವು.

ನೇತ್ರತಜ್ಞರೆಂದರೆ ಎಂ.ಬಿ.ಬಿ.ಎಸ್. ಮುಗಿಸಿದ ಬಳಿಕ ಮತ್ತೆ ಎರಡು ಮೂರು ವರ್ಷ ಕಣ್ಣಿನ ವಿಷಯವೊಂದನ್ನೇ ವ್ಯಾಸಂಗ ಮಾಡಿದವರು. ಶಸ್ತ್ರಚಿಕಿತ್ಸೆಯನ್ನು ಮಾಡುವವರು ಇವರೇ. ಇವರು ಪ್ರತಿ ಹಳ್ಳಿಗೂ ಬರಲಾರರಷ್ಟೆ. ಆದುದರಿಂದ 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ನೇತ್ರ ಸಹಾಯಕರನ್ನು ತರಬೇತುಗೊಳಿಸಲಾಯಿತು. ಹಲವೆಡೆ ಇವರನ್ನು ನೇತ್ರಾಧಿಕಾರಿಗಳೆಂದೂ ಕರೆಯುವರು. ದೃಷ್ಟಿ ಪರೀಕ್ಷಿಸಿ ಕನ್ನಡಕದ ನಂಬರು ಬರೆಯುವುದು, ಶಾಲಾ ಮಕ್ಕಳ ಕಣ್ಣು ನೋಡುವುದು, ಪೊರೆ ಬಂದ ಹಿರಿಯರನ್ನು ಗುರುತಿಸಿ ಆಸ್ಪತ್ರೆಗೆ ಕಳುಹಿಸುವುದು ಇವರ ಕೆಲಸ. ಅತ್ತೆಯವರ ಪೊರೆಯು ‘ಹಣ್ಣಾಗಲಿ’ ಎಂದು ಕಾಯುವುದು ಹಿಂದಿನ ಕಾಲದ ಮಾತು, ಈಗ ಕಾಯಬೇಕಾದುದಿಲ್ಲ.

ಔಷಧಿ ಅಂಗಡಿಯವರು ಈ ಸಾಲಿಗೆ ಸೇರಿದವರಲ್ಲ. ಅವರು ಕೊಡುವ ಹನಿಗಳಲ್ಲಿ ಕೆಲವು ಸ್ಟೀರಾಯ್ಡ್ ಸೇರಿದವು. ಅವು ಕೆಂಪನ್ನು ಬೇಗನೆ ಇಳಿಸುವುದರಿಂದ ಜನರಿಗೆ ಮೆಚ್ಚುಗೆ. ಆದರೆ ವೈದ್ಯರ ಸಲಹೆಯಿಲ್ಲದೆ ಬಹುದಿನ ಬಳಸಿದಲ್ಲಿ ಕಣ್ಣಿನ ಒತ್ತಡವೇರಿ, ನೋವಿಲ್ಲದೆಯೇ ನರವು ಹಾಳಾಗಬಹುದು.

ಇನ್ನು ನವಜಾತ ಶಿಶುಗಳ ವಿಷಯ. ದಿನ ತುಂಬುವ ಮೊದಲೇ, ಅಂದರೆ 34 ವಾರಗಳೊಳಗೆ ಹುಟ್ಟಿದ ಅಥವಾ 2 ಕಿಲೋಗಿಂತ ಕಡಿಮೆ ತೂಕದ ಮಗುವಿನ ಕಣ್ಣಿನ ಹಿಂಪದರದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿಯಾಗಿ ಬೆಳೆಯುವ ಸಂಭವವುಂಟು. ಹೊರನೋಟಕ್ಕೆ ಕಣ್ಣು ಸರಿಯಾಗಿಯೇ ತೋರುವುದು. ಆಶಾ ಕಾರ್ಯಕರ್ತೆಯಾಗಲಿ ನಾನಾಗಲಿ ಬರಿಗಣ್ಣಿನಿಂದ ಇದನ್ನು ಕಾಣಲಾರೆವು. ಈ ಕುರಿತು ತರಬೇತಾದ ನೇತ್ರತಜ್ಞರು ಹುಟ್ಟಿದ 30 ದಿನಗಳೊಳಗೆ ಪರೀಕ್ಷಿಸಬೇಕು. ತೀರ ಸಣ್ಣ ಮಗುವಾದಲ್ಲಿ ಎರಡು ಮೂರು ವಾರಗಳೊಳಗೇ. ಸಕಾಲಕ್ಕೆ ಲೇಸರ್ ಚಿಕಿತ್ಸೆ ದೊರೆತಲ್ಲಿ ಹೆಚ್ಚಿನ ಮಕ್ಕಳ ದೃಷ್ಟಿ ಉಳಿಯುವುದು. ತಡವಾದಲ್ಲಿ ಶಾಶ್ವತ ಕುರುಡು. ಬಾಣಂತಿಯನ್ನು ಹೊರಗೆ ಕಳುಹಿಸಬಾರದೆಂದು ಹಿರಿಯರು ತಡೆದಲ್ಲಿ, ಅವರಿಗೆ ತಿಳಿಹೇಳುವ ಹೊಣೆ ಗಂಡನದು. ಮಗುವಿನ ತೂಕವನ್ನೂ ವಾರಗಳನ್ನೂ ಬರೆದಿರುವ ಆಸ್ಪತ್ರೆಯ ಬಿಡುಗಡೆ ಚೀಟಿಯನ್ನು ಮರೆಯದೆ ಕೊಂಡೊಯ್ಯಿರಿ.