ಕಂಪ್ಯೂಟರ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿದೆಯೇ? ಫಾರ್ಮ್ಯಾಟ್ ಮಾಡಿಸುವ ಮುನ್ನ ಇದನ್ನು ಓದಿ

ಅರ್ಧ ಗಂಟೆಯಿಂದ ಟೈಪ್ ಮಾಡುತ್ತಿದ್ದ ಪತ್ರ ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ಪರದೆ ಕಪ್ಪಾಗಿ ಕಂಪ್ಯೂಟರ್ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಮರುದಿನ ಏನೂ ತೊಂದರೆಯಿಲ್ಲ. ಮೂರನೆಯ ದಿನ ಹಾಡು ಕೇಳುತ್ತಿರುವಾಗ ನೀಲಿ ಪರದೆ. ಯಾರನ್ನು ಕೇಳಿದರೂ ಸಿಗುವ ಉತ್ತರ ಬಹುತೇಕ ಒಂದೇ: "ವೈರಸ್ ಬಂದಿರಬೇಕು, ಫಾರ್ಮ್ಯಾಟ್ ಮಾಡಿಸಿಬಿಡಿ."

ಈ ಸಲಹೆ ಕೆಲವೊಮ್ಮೆ ಸರಿಯಿರಬಹುದು. ಆದರೆ ತೊಂದರೆ ಇರುವುದು ಮೆಮೊರಿಯಲ್ಲಿ, ಅಂದರೆ ರ‍್ಯಾಮ್‌ನಲ್ಲಿ ಆಗಿದ್ದರೆ ಫಾರ್ಮ್ಯಾಟ್ ಮಾಡಿ ಪ್ರಯೋಜನವಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಫಾರ್ಮ್ಯಾಟ್‌ಗೆ ಮೊದಲು ನಾವು ಬ್ಯಾಕಪ್ ಎಂದು ನಕಲು ಮಾಡಿಕೊಳ್ಳುವ ಮದುವೆ ಫೋಟೋ, ಮಕ್ಕಳ ವಿಡಿಯೋ ಎಲ್ಲವೂ ಅದೇ ಕೆಟ್ಟ ರ‍್ಯಾಮ್ ಮೂಲಕವೇ ಹಾದುಹೋಗುತ್ತವೆ. ದಾರಿಯಲ್ಲಿ ನಕಲು ಹಾಳಾಗಬಹುದು, ಆಮೇಲೆ ಮೂಲವನ್ನು ನಾವೇ ಅಳಿಸಿರುತ್ತೇವೆ!

ರ‍್ಯಾಮ್ ತಪ್ಪು ಮಾಡುವುದು ಹೇಗೆ?

ರ‍್ಯಾಮ್‌ನ ಒಂದೊಂದು ಕೋಶದಲ್ಲೂ ಒಂದು ಪುಟ್ಟ ಕೆಪಾಸಿಟರ್ ಇರುತ್ತದೆ. ಅದರಲ್ಲಿ ವಿದ್ಯುದಾವೇಶ ಇದೆಯೋ ಇಲ್ಲವೋ ಎನ್ನುವುದರ ಮೇಲೆ ಅದು 1 ಅಥವಾ 0. ತೂತು ಕೊಡದಲ್ಲಿ ನೀರು ನಿಲ್ಲದ ಹಾಗೆ ಈ ಆವೇಶವೂ ಸೋರಿಹೋಗುತ್ತದೆ. ಹಾಗಾಗಿ ಸಾಮಾನ್ಯವಾಗಿ ಪ್ರತಿ 64 ಮಿಲಿಸೆಕೆಂಡಿನೊಳಗೆ, ಅಂದರೆ ಸೆಕೆಂಡಿಗೆ ಹದಿನೈದಕ್ಕೂ ಹೆಚ್ಚು ಬಾರಿ, ಎಲ್ಲ ಕೋಶಗಳನ್ನೂ ಮತ್ತೆ ತುಂಬಿಸಲಾಗುತ್ತದೆ. 8 ಜಿಬಿ ರ‍್ಯಾಮ್‌ನಲ್ಲಿ ಇಂತಹ 6,870 ಕೋಟಿಗೂ ಹೆಚ್ಚು ಕೋಶಗಳಿವೆ. ಅವುಗಳಲ್ಲಿ ಒಂದು ದುರ್ಬಲವಾದರೂ ಸಾಕು, 1 ಇದ್ದದ್ದು 0 ಆಗಿಬಿಡುತ್ತದೆ.

ಪರಿಣಾಮ ಏನೆಂಬುದು ಆ ಕ್ಷಣ ಅಲ್ಲಿ ಏನಿತ್ತು ಎನ್ನುವುದನ್ನು ಅವಲಂಬಿಸಿದೆ. ಹಾಡಿನ ಒಂದು ತುಣುಕಿದ್ದರೆ ನಮಗೆ ಗೊತ್ತೇ ಆಗುವುದಿಲ್ಲ. ಫೋಟೋ ಕಡತದ ಭಾಗವಿದ್ದರೆ ಚಿತ್ರದ ಕೆಳಗಿನರ್ಧ ಬೂದು ಬಣ್ಣಕ್ಕೆ ತಿರುಗಬಹುದು. ಆಪರೇಟಿಂಗ್ ಸಿಸ್ಟಮ್‌ನ ಆದೇಶವಿದ್ದರೆ ನೀಲಿ ಪರದೆ ಅಥವಾ ರೀಸ್ಟಾರ್ಟ್. ಒಂದೇ ದೋಷ ದಿನಕ್ಕೊಂದು ವೇಷದಲ್ಲಿ ಕಾಣಿಸಿಕೊಳ್ಳುವುದು ಇದರಿಂದಲೇ.

ಒಂದು ಬಿಟ್ ಬದಲಾದರೆ ಏನಾಗಬಹುದು ಎನ್ನುವುದಕ್ಕೆ ಬೆಲ್ಜಿಯಂನ ಪ್ರಸಂಗವೊಂದು ಹೆಸರುವಾಸಿ. 2003ರ ಚುನಾವಣೆಯಲ್ಲಿ ಸ್ಕಾರ್‌ಬೀಕ್ ಎಂಬಲ್ಲಿ ಒಬ್ಬ ಅಭ್ಯರ್ಥಿಗೆ 4,096 ಮತಗಳು ಹೆಚ್ಚಾಗಿ ಬಂದಿದ್ದವು. 4,096 ಎಂದರೆ 2ರ ಹನ್ನೆರಡನೆಯ ಘಾತ. ಒಂದೇ ಒಂದು ಬಿಟ್ ತಿರುಗಿದರೆ ಸರಿಯಾಗಿ ಅಷ್ಟೇ ವ್ಯತ್ಯಾಸ ಬರುತ್ತದೆ. ಬಾಹ್ಯಾಕಾಶದಿಂದ ಬಂದ ಕಾಸ್ಮಿಕ್ ಕಣವೊಂದು ಕಾರಣವಿರಬಹುದೆಂಬ ಊಹೆ ಇದೆ, ಸಾಬೀತಾಗಿಲ್ಲ.

ಆದರೆ ಮನೆಯ ಕಂಪ್ಯೂಟರ್ ಪದೇ ಪದೇ ಕೈಕೊಟ್ಟರೆ ಆಕಾಶವನ್ನು ದೂರುವಂತಿಲ್ಲ. ಗೂಗಲ್‌ನ ಸರ್ವರ್‌ಗಳನ್ನು ಗಮನಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವರ್ಷಕ್ಕೆ ಶೇಕಡಾ 8ಕ್ಕಿಂತ ಹೆಚ್ಚು ರ‍್ಯಾಮ್ ಪಟ್ಟಿಗಳಲ್ಲಿ ದೋಷ ಕಂಡುಬಂದಿತ್ತು. ಅವುಗಳಲ್ಲಿ ಹೆಚ್ಚಿನವು ಬಂದುಹೋಗುವ ಕಣಗಳಿಂದಲ್ಲ, ಹಾರ್ಡ್‌ವೇರ್ ಕೆಟ್ಟದ್ದರಿಂದಲೇ ಆದಂತಿದ್ದವು. ಇದು ಒಂದು ರೀತಿಯಲ್ಲಿ ಒಳ್ಳೆಯ ಸುದ್ದಿ. ಕೆಟ್ಟ ಕೋಶ ಮತ್ತೆ ಮತ್ತೆ ತಪ್ಪು ಮಾಡುತ್ತದೆ, ಹಾಗಾಗಿ ಅದನ್ನು ಹಿಡಿಯಬಹುದು.

ಮೊದಲು ಸುಳಿವು ಹುಡುಕೋಣ

ನೀಲಿ ಪರದೆ ಬಂದಾಗ ವಿಂಡೋಸ್ ತಾನಾಗಿಯೇ ರೀಸ್ಟಾರ್ಟ್ ಆಗುವಂತೆ ಹೊಂದಿಸಿರುತ್ತಾರೆ. ಸಿಸ್ಟಮ್ ಪ್ರಾಪರ್ಟೀಸ್‌ನ ಅಡ್ವಾನ್ಸ್‌ಡ್ ವಿಭಾಗದಲ್ಲಿ 'ಸ್ಟಾರ್ಟಪ್ ಅಂಡ್ ರಿಕವರಿ'ಗೆ ಹೋಗಿ 'ಆಟೊಮ್ಯಾಟಿಕಲಿ ರೀಸ್ಟಾರ್ಟ್' ಗುರುತನ್ನು ತೆಗೆದುಬಿಡಿ. ಮುಂದಿನ ಸಲ ಪರದೆ ನಿಂತುಕೊಳ್ಳುತ್ತದೆ. ಅದರಲ್ಲಿರುವ ಸ್ಟಾಪ್ ಕೋಡ್ ಬರೆದಿಟ್ಟುಕೊಳ್ಳಿ. ಪ್ರತಿ ಸಲವೂ ಬೇರೆ ಬೇರೆ ಕೋಡ್ ಬಂದರೆ, ಅಥವಾ ಜಿಪ್ ಕಡತ ಬಿಚ್ಚುವಾಗ ಒಮ್ಮೆ ದೋಷ ತೋರಿಸಿ ಇನ್ನೊಮ್ಮೆ ಸರಿಯಾಗಿ ಬಿಚ್ಚಿಕೊಂಡರೆ ರ‍್ಯಾಮ್ ಮೇಲಿನ ಅನುಮಾನ ಬಲವಾಗುತ್ತದೆ.

ನೀಲಿ ಪರದೆಯೇ ಇಲ್ಲದೆ ದಿಢೀರನೆ ಕಪ್ಪಾದರೆ ಮೊದಲು ನೋಡಬೇಕಾದ್ದು ವಿದ್ಯುತ್ ಮತ್ತು ಬಿಸಿ. ಪಂಪ್ ಅಥವಾ ಫ್ರಿಜ್ ಚಾಲೂ ಆದಾಗಲೇ ಹೀಗಾಗುತ್ತದೆಯೇ? ಯುಪಿಎಸ್ ಬ್ಯಾಟರಿ ಹಳೆಯದೇ? ಮುಖ್ಯ ಕೆಲಸವಿಲ್ಲದಾಗ ಗೋಡೆಯ ಸ್ವಿಚ್ ಆರಿಸಿ ನೋಡಿ. ಕಂಪ್ಯೂಟರ್ ಕೂಡಲೇ ಸತ್ತರೆ ಯುಪಿಎಸ್ ಹೆಸರಿಗಷ್ಟೇ ಇದೆ ಎಂದರ್ಥ. ಗೇಮ್ ಆಡುವಾಗ ಮಾತ್ರ ಆಗುತ್ತಿದ್ದರೆ ಎಸ್‌ಎಂಪಿಎಸ್ ದುರ್ಬಲವಾಗಿರಬಹುದು ಅಥವಾ ಫ್ಯಾನ್‌ನಲ್ಲಿ ಧೂಳು ಕಟ್ಟಿರಬಹುದು.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಈವೆಂಟ್ ವ್ಯೂವರ್‌ನಲ್ಲಿ 'ಕರ್ನಲ್-ಪವರ್ 41' ಎಂದು ಕಂಡ ತಕ್ಷಣ ಎಸ್‌ಎಂಪಿಎಸ್ ಬದಲಿಸುವವರಿದ್ದಾರೆ. ಕಂಪ್ಯೂಟರ್ ಸರಿಯಾದ ಕ್ರಮದಲ್ಲಿ ಆಫ್ ಆಗಲಿಲ್ಲ ಎಂದಷ್ಟೇ ಆ ದಾಖಲೆ ಹೇಳುತ್ತದೆ. ಏಕೆ ಎಂದು ಹೇಳುವುದಿಲ್ಲ.

ರ‍್ಯಾಮ್ ಪರೀಕ್ಷೆ

ವಿಂಡೋಸ್‌ನಲ್ಲೇ 'ಮೆಮೊರಿ ಡಯಾಗ್ನೋಸ್ಟಿಕ್' ಎಂಬ ಪರೀಕ್ಷೆ ಇದೆ. ಅದು ಶುರುವಾದ ಮೇಲೆ ಎಫ್1 ಒತ್ತಿ 'ಎಕ್ಸ್‌ಟೆಂಡೆಡ್' ಆರಿಸಿಕೊಳ್ಳಬಹುದು. ಇನ್ನೂ ಕಟ್ಟುನಿಟ್ಟಾದ ಪರೀಕ್ಷೆಗೆ 'ಮೆಮ್‌ಟೆಸ್ಟ್86+' ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಕಂಪ್ಯೂಟರ್ ಶುರುಮಾಡಿ, ರಾತ್ರಿಯಿಡೀ ಓಡಲು ಬಿಡಿ. ಆ ಪೆನ್‌ಡ್ರೈವನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತಯಾರಿಸಿಕೊಂಡರೆ ಒಳ್ಳೆಯದು. ಇಲ್ಲಿ 'ಒಂದೆರಡು ತಪ್ಪು ಪರವಾಗಿಲ್ಲ' ಎಂಬ ಲೆಕ್ಕವಿಲ್ಲ. ಒಂದೇ ಒಂದು ಕೆಂಪು ಸಾಲು ಬಂದರೂ ಆ ಕಂಪ್ಯೂಟರನ್ನು ನಂಬುವಂತಿಲ್ಲ.

ದೋಷ ಸಿಕ್ಕರೆ ಅವಸರಪಟ್ಟು ಹೊಸ ರ‍್ಯಾಮ್ ಕೊಳ್ಳಬೇಡಿ. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಚಾಲೂ ಇದ್ದರೆ ಅದನ್ನು ಆರಿಸಿ ಇನ್ನೊಮ್ಮೆ ಪರೀಕ್ಷಿಸಿ. ಅದು ರ‍್ಯಾಮನ್ನು ಹೆಚ್ಚು ವೇಗದಲ್ಲಿ ಓಡಿಸುವ ವ್ಯವಸ್ಥೆ, ಎಲ್ಲ ಮದರ್‌ಬೋರ್ಡ್‌ಗಳಿಗೂ ಅದು ಒಗ್ಗುವುದಿಲ್ಲ. ಆಮೇಲೂ ತಪ್ಪು ಬಂದರೆ ಕಂಪ್ಯೂಟರ್ ಆರಿಸಿ, ವೈರ್ ಕಿತ್ತು, ಲೋಹದ ಕ್ಯಾಬಿನೆಟ್ ಮುಟ್ಟಿ ಮೈಯಲ್ಲಿನ ಸ್ಥಾಯೀ ವಿದ್ಯುತ್ ಕಳೆದುಕೊಂಡು ರ‍್ಯಾಮ್ ಪಟ್ಟಿಗಳನ್ನು ತೆಗೆದು ಗಟ್ಟಿಯಾಗಿ ಕೂರಿಸಿ. ಸಂಪರ್ಕ ಸಡಿಲವಾಗಿದ್ದರೆ ಇಷ್ಟರಲ್ಲೇ ಸರಿಹೋಗುತ್ತದೆ. ಚಿನ್ನದ ಬಣ್ಣದ ತುದಿಯನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವುದು ನಮ್ಮಲ್ಲಿ ರೂಢಿ. ಆ ಲೇಪ ಬಹಳ ತೆಳು, ಉಜ್ಜಿದಷ್ಟೂ ಸವೆಯುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಮೆತ್ತನೆಯ ಬಟ್ಟೆಯೇ ಮೇಲು.

ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಅದೇ ಸ್ಲಾಟ್‌ನಲ್ಲಿಟ್ಟು ಪರೀಕ್ಷಿಸಿ. ಒಂದು ಪಟ್ಟಿ ಮಾತ್ರ ಸೋತರೆ ತಪ್ಪು ಅದರದ್ದೇ. ಎರಡೂ ಸೋತರೆ ಅವನ್ನೇ ಬೇರೆ ಸ್ಲಾಟ್‌ನಲ್ಲಿಟ್ಟು ನೋಡಿ. ಅಲ್ಲಿ ಪಾಸಾದರೆ ಮೊದಲ ಸ್ಲಾಟ್ ಮೇಲೆ ಅನುಮಾನ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುವುದು ಮುಖ್ಯ, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತೆಂದು ಗೊತ್ತಾಗುವುದಿಲ್ಲ. ರ‍್ಯಾಮ್‌ಗೆ ದೀರ್ಘ ವಾರಂಟಿ ಇರುವುದೂ ಉಂಟು, ಹಳೆಯ ಬಿಲ್ ಹುಡುಕಿ ನೋಡಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅಂತಹವನ್ನು ತಜ್ಞರಿಗೇ ಒಪ್ಪಿಸಬೇಕು.

ಫೋಟೋಗಳ ಗತಿ?

ರ‍್ಯಾಮ್ ಮೇಲೆ ಅನುಮಾನ ಬಂದ ಕ್ಷಣದಿಂದ ಆ ಕಂಪ್ಯೂಟರಿನಲ್ಲಿ ಹೊಸ ಬ್ಯಾಕಪ್ ಮಾಡಬೇಡಿ. ಹಳೆಯ ಬ್ಯಾಕಪ್ ಮೇಲೆ ಮತ್ತೆ ಬರೆಯಲಂತೂ ಬೇಡ. ಡಿಸ್ಕ್ ರಿಪೇರಿ ತಂತ್ರಾಂಶವನ್ನೂ ಓಡಿಸಬೇಡಿ. ಕೆಟ್ಟ ಪಟ್ಟಿ ತೆಗೆದು, ಉಳಿದದ್ದು ಪರೀಕ್ಷೆಯಲ್ಲಿ ಪಾಸಾದ ಮೇಲೆಯೇ ನಕಲು ಮಾಡಿ. ಅಷ್ಟು ಕಾಯಲಾಗದಿದ್ದರೆ ಹಾರ್ಡ್ ಡಿಸ್ಕನ್ನು ಬೇರೊಂದು ಆರೋಗ್ಯವಂತ ಕಂಪ್ಯೂಟರಿಗೆ ಜೋಡಿಸಿ ನಕಲು ಮಾಡಿಸಿ, ಕೆಲವು ಫೋಟೋಗಳನ್ನು ತೆರೆದು ನೋಡಿ ಖಚಿತಪಡಿಸಿಕೊಳ್ಳಿ.

ಇಷ್ಟೆಲ್ಲ ಆದಮೇಲೂ ರೀಸ್ಟಾರ್ಟ್ ನಿಲ್ಲದಿದ್ದರೆ ಆಗ ವೈರಸ್, ಡ್ರೈವರ್, ಫಾರ್ಮ್ಯಾಟ್ ಬಗ್ಗೆ ಯೋಚಿಸೋಣ. ರ‍್ಯಾಮ್ ಪರೀಕ್ಷೆಗೆ ಬೇಕಾದ್ದು ಒಂದು ಪೆನ್‌ಡ್ರೈವ್ ಮತ್ತು ಒಂದು ರಾತ್ರಿ. ಅಳಿಸಿಹೋದ ಫೋಟೋ ಮಾತ್ರ ಮತ್ತೆ ಸಿಗುವ ಭರವಸೆಯಿಲ್ಲ.